ಸುತ್ತು ಎಲ್ಲಿ ಬಂದು ತಟ್ಟಬೇಕು?

ಮೊಣಕಾಲು ಮುಟ್ಟುವಷ್ಟು ಉದ್ದದ ಒಂದು ಜೊತೆ ಕಾಲುಚೀಲ, ಎರಡು ಟೆನಿಸ್ ಚೆಂಡು. ಚೆಂಡನ್ನು ಚೀಲದ ತುದಿಗೆ ತಳ್ಳಿ ಅದರ ಮೇಲೊಂದು ಗಂಟು, ಚೀಲದ ಬಾಯಿಯ ಹತ್ತಿರ ಎರಡು ಬೆರಳು ತೂರುವಷ್ಟು ಒಂದು ಕುಣಿಕೆ. ಇಷ್ಟಾದರೆ ಪೋಯ್ ಸಿದ್ಧ. ಚೆಂಡು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿ ಹಾಕಿದರೂ ನಡೆಯುತ್ತದೆ. ಎರಡರ ತೂಕ ಸಮ ಇರಬೇಕು, ಅಷ್ಟೆ. ಉದ್ದಕ್ಕೆ ಟೇಪು ಬೇಡ, ಬೆರಳ ತುದಿಯಿಂದ ಕಂಕುಳವರೆಗೆ ಬಂದರೆ ಸಾಕು. ಹೊಸಬರು ಮೊದಮೊದಲು ತಮ್ಮ ಕಿವಿಗೆ, ಮೂಗಿಗೆ ತಾವೇ ಹೊಡೆದುಕೊಳ್ಳುವುದು ಖಾತ್ರಿಯಾದ್ದರಿಂದ ಮೆತ್ತನೆಯದೇ ಒಳ್ಳೆಯದು.

ದೆಹಲಿಯಲ್ಲಾದರೆ ಇದನ್ನು ಬೀಸಲು ಜಾಗ ಹುಡುಕುವುದೇ ಮೊದಲ ಪಾಠ. ತೋಳು ಚಾಚಿ ಬೀಸುವವರಿಗೆ ಹತ್ತಿರ ಹತ್ತಿರ ಮೂರು ಮೀಟರ್ ಅಗಲದ ಖಾಲಿ ಜಾಗ ಬೇಕು. ತಲೆಯ ಮೇಲೆ ಫ್ಯಾನ್ ತಿರುಗುವ ಬಾಡಿಗೆ ಕೋಣೆಯಲ್ಲಿ ಅದು ಆಗುವ ಮಾತಲ್ಲ. ಬರ್ಸಾತಿಯಲ್ಲಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವವರು ಪುಣ್ಯವಂತರು, ಕೋಣೆ ಎಷ್ಟೇ ಕಿರಿದಾದರೂ ಎದುರಿಗೆ ತಾರಸಿಯಿದೆ. ಉಳಿದವರಿಗೆ ಲೋಧಿ ಗಾರ್ಡನ್ನಿನ ಹುಲ್ಲುಹಾಸು, ಹೌಜ್ ಖಾಸ್‌ನ ಡೀರ್ ಪಾರ್ಕ್, ನೊಯ್ಡಾ ಗುರುಗ್ರಾಮಗಳ ಅಪಾರ್ಟ್‌ಮೆಂಟ್ ತಾರಸಿ. ಹೂಪ್, ಕೋಲು, ಪೋಯ್, ಹೀಗೆ ಬೀಸಿ ತಿರುಗಿಸುವ ಆಟಗಳನ್ನೆಲ್ಲ ಈಗ ಒಟ್ಟಾಗಿ ಫ್ಲೋ ಆರ್ಟ್ಸ್ ಎನ್ನುತ್ತಾರೆ. ಗುರುವಿಲ್ಲ, ಗುರುಕುಲವಿಲ್ಲ, ಬಹುಪಾಲು ಜನ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ರಂಗಪ್ರವೇಶದ ಖರ್ಚಿಲ್ಲದ ನೃತ್ಯ ಇದು ಎಂದು ನಾನು ತಮಾಷೆ ಮಾಡುವುದುಂಟು. ಆದರೆ ಗುರುವಿಲ್ಲದ ಕಲೆಗೆ ಒಂದು ತೊಡಕಿದೆ. ಪಟ್ಟುಗಳನ್ನು ವಿಡಿಯೊ ಕಲಿಸುತ್ತದೆ, ಅವನ್ನು ಪೋಣಿಸುವುದು ಹೇಗೆಂದು ಕಲಿಸುವವರು ಕಡಿಮೆ. ಐವತ್ತು ಪಟ್ಟು ಬಂದರೂ ಎರಡು ನಿಮಿಷದ ಒಂದು ನೃತ್ಯ ಹುಟ್ಟದೆ ಹೋಗುವುದು ಇದರಿಂದಲೇ.

ಪೋಯ್ ಮೂಲತಃ ನ್ಯೂಜಿಲೆಂಡಿನ ಮಾವೊರಿಗಳದ್ದು. ಹರಕೆಕೆ ಎಂಬ ನಾರುಗಿಡದಿಂದ ಹೆಣೆದ ದಾರ, ಜೌಗಿನಲ್ಲಿ ಬೆಳೆಯುವ ರೌಪೊ ಎಂಬ ಜೊಂಡಿನಿಂದ ಮಾಡಿದ ಚೆಂಡು. ಗಂಡಸರು ಆಯುಧ ಹಿಡಿಯುವ ಮಣಿಕಟ್ಟಿನ ಬಳುಕಿಗಾಗಿ ಇದನ್ನು ಬೀಸುತ್ತಿದ್ದರೆಂಬ ಮಾತಿದೆ. ನಮ್ಮ ಕಾಲಕ್ಕೆ ಬಂದಿರುವುದು ಹೆಚ್ಚಾಗಿ ಹೆಂಗಸರು ಹಾಡುತ್ತ ಸಾಲಾಗಿ ನಿಂತು ಆಡುವ ರೂಪ. 1984ರಲ್ಲಿ ಪಾಟಿಯಾ ಮಾವೊರಿ ಕ್ಲಬ್ ಎಂಬ ತಂಡ 'ಪೋಯ್ ಇ' ಎಂಬ ಮಾವೊರಿ ಹಾಡು ಬಿಡುಗಡೆ ಮಾಡಿ ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯ ನೆತ್ತಿಗೇರಿತು. ಬೆಂಕಿ ಹಚ್ಚಿದ ಪೋಯ್, ಎಲ್‌ಇಡಿ ಹಾಕಿದ ಪೋಯ್, ಬೀಚ್ ಪಾರ್ಟಿಗಳಲ್ಲಿ ಕಾಣುವ ಪೋಯ್ ಇವೆಲ್ಲ ಆಮೇಲಿನ ಸೇರ್ಪಡೆ.

ಮಾವೊರಿ ಪೋಯ್‌ನ ಒಂದು ಗುಣ ಈ ಹೊಸ ಅವತಾರಗಳಲ್ಲಿ ಕಳೆದುಹೋಗಿದೆ. ಅಲ್ಲಿ ಚೆಂಡು ಬರೀ ಸುತ್ತುವುದಿಲ್ಲ, ಸುತ್ತಿ ಬಂದು ತಟ್ಟುತ್ತದೆ. ಅಂಗೈಗೆ, ಮುಂಗೈಗೆ, ಹೆಗಲಿಗೆ. ಇಪ್ಪತ್ತು ಮಂದಿ ಒಟ್ಟಿಗೆ ತಟ್ಟಿದಾಗ ಹಾಡಿಗೆ ಬೇರೆ ತಾಳವಾದ್ಯವೇ ಬೇಡ. ಇದನ್ನು ಕೇಳಿದ ಚಾಮರಾಜನಗರದ ಕಡೆಯವರು ಯಾರಾದರೂ ಸುಮ್ಮನಿರುವುದಿಲ್ಲ. ದೆಹಲಿಯ ರಾಮಕೃಷ್ಣಪುರದಲ್ಲಿ ಕರ್ನಾಟಕ ಸಂಘದ ಸಭಾಂಗಣವಿದೆ. ಅಲ್ಲಿ ಮಾವೊರಿ ತಂಡವೊಂದನ್ನು ಕುಣಿಸಿದರೆ, ಎದುರು ಸಾಲಿನಲ್ಲಿ ಕೂತ ಮೊದಲ ಅಜ್ಜಿಯೇ "ಇದೇನವ್ವ, ನಮ್ಮ ಮಾದಪ್ಪನ ಕಂಸಾಳೆ ಥರಾನೇ ಐತಲ್ಲ" ಎಂದುಬಿಟ್ಟಾರು.

ಹೌದು, ಬೀಸು ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ಉದ್ದನೆಯ ದಾರಕ್ಕೆ ಕಟ್ಟಿದ ಇನ್ನೊಂದು ತಾಳ, ಅದಕ್ಕೊಂದು ಗೊಂಡೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಭಕ್ತರಾದ ಗುಡ್ಡರು ಕೂತು ಕಥೆ ಹಾಡುವಾಗ ಅದು ತಾಳ ಮಾತ್ರ. ಎದ್ದು ನಿಂತು ಬೀಸತೊಡಗಿದರೆ ದಾರದ ತುದಿಯ ಕಂಚು ತಲೆಯ ಸುತ್ತ, ಬೆನ್ನ ಹಿಂದೆ, ತೊಡೆಯ ಕೆಳಗೆ ಹಾದುಬಂದು ಎಡಗೈಯ ಬಟ್ಟಲಿಗೆ ಸರಿಯಾದ ಪೆಟ್ಟಿಗೆ ಬಡಿಯಬೇಕು. ನುರಿತವರು ಪಕ್ಕದವನ ಬಟ್ಟಲಿಗೂ ಬಡಿಯುತ್ತಾರೆ. ಮಂಡಿಯೂರಿ, ಅಂಗಾತ ಮಲಗಿ, ಒಬ್ಬರ ಮೇಲೊಬ್ಬರು ನಿಂತು ಬಡಿಯುತ್ತಾರೆ. ಹತ್ತಿರದಿಂದ ನೋಡಿದವರಿಗೆ ಗೊತ್ತು, ಕಲಾವಿದನ ಕಣ್ಣು ಬೀಸುವ ತಾಳದ ಮೇಲೆ ಇರುವುದೇ ಇಲ್ಲ. ಅದು ಎಲ್ಲಿದೆ ಎಂದು ದಾರದ ಬಿಗಿ ಬೆರಳಿಗೆ ಹೇಳುತ್ತಿರುತ್ತದೆ. ಪೆಟ್ಟು ತಪ್ಪಿದರೆ ಹಣೆ ಒಡೆಯುವ ಆಟ ಇದು. ಕಾಲುಚೀಲದ ಚೆಂಡಿನ ಹಾಗೆ ಕ್ಷಮಿಸುವುದಿಲ್ಲ.

ಮಾವೊರಿ ಚೆಂಡಿಗಾಗಲಿ ಮಾದಪ್ಪನ ಕಂಚಿಗಾಗಲಿ ಪ್ರತಿ ಸುತ್ತಿನ ಕೊನೆಗೂ ಒಂದು ತಂಗುದಾಣವಿದೆ. ಸದ್ದಿಲ್ಲದ ಎಲ್‌ಇಡಿ ಪೋಯ್‌ಗೆ ಅದಿಲ್ಲ. ಅದು ಬ್ಯಾಟರಿ ಮುಗಿಯುವವರೆಗೆ ಸುತ್ತುತ್ತಲೇ ಇರಬಹುದು. ನೋಡುವವರು ಮೊದಲ ಅರ್ಧ ನಿಮಿಷ ಬೆರಗಾಗಿ, ಮುಂದಿನ ಅರ್ಧ ನಿಮಿಷ ಆಕಳಿಸಿ, ಆಮೇಲೆ ಫೋನ್ ತೆಗೆಯುವುದು ಇದಕ್ಕೇ. ಪೋಯ್ ಬೀಸುವವರು ನೃತ್ಯ ಸಂಯೋಜನೆಯ ಕಡೆಗೆ ಬರುವುದು ಸಾಮಾನ್ಯವಾಗಿ ಈ ಆಕಳಿಕೆಯನ್ನು ಎದುರಿಸಲಾರದೆ. ಸುತ್ತು ಎಲ್ಲಿ ಬಂದು ತಟ್ಟಬೇಕು ಎಂದು ಯಾರೋ ಒಬ್ಬರು ನಿರ್ಧರಿಸಲೇಬೇಕು. ಪರಂಪರೆ ಅದನ್ನು ಮೊದಲೇ ನಿರ್ಧರಿಸಿ ಕೊಟ್ಟಿರದಿದ್ದರೆ, ಆ ಕೆಲಸ ಬೀಸುವವರ ತಲೆಗೇ ಬರುತ್ತದೆ. ಈ ಕಲೆಯಲ್ಲಿ ಸ್ವಂತದ್ದು ಎನ್ನುವುದೇನಾದರೂ ಇದ್ದರೆ ಅದು ಇಲ್ಲಿ ಹುಟ್ಟುತ್ತದೆ, ಪಟ್ಟಿನಲ್ಲಲ್ಲ.

ಅದಕ್ಕೆ ಮೊದಲು ಆ ಸುತ್ತಿನ ಲೆಕ್ಕ ತಿಳಿಯಬೇಕು. ಬೇಸರಪಡಬೇಡಿ, ಪಿಯುಸಿಯ ಭೌತಶಾಸ್ತ್ರ ಸಾಕು. ಅರವತ್ತು ಸೆಂಟಿಮೀಟರ್ ಉದ್ದದ ದಾರದಲ್ಲಿ ಚೆಂಡನ್ನು ಮೇಲೆ ಕೆಳಗೆ ಸುತ್ತಿಸುತ್ತಿದ್ದೀರಿ. ನೆತ್ತಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್‌ಗಿಂತ ಕಡಿಮೆಯಾದರೆ ದಾರ ಸಡಿಲಾಗಿ ಚೆಂಡು ಕುಸಿಯುತ್ತದೆ. ಎಂದರೆ ಒಂದು ಸುತ್ತಿಗೆ ಹೆಚ್ಚೆಂದರೆ ಒಂದೂವರೆ ಸೆಕೆಂಡು, ಅದಕ್ಕಿಂತ ನಿಧಾನ ಸಾಧ್ಯವಿಲ್ಲ. ಸೆಕೆಂಡಿಗೆ ಒಂದೂವರೆ ಸುತ್ತಿನ ಮಾಮೂಲಿ ವೇಗದಲ್ಲಿ ದಾರದ ಮೇಲಿನ ಎಳೆತ ಚೆಂಡಿನ ತೂಕದ ಐದು ಪಟ್ಟು ದಾಟುತ್ತದೆ. ನೂರು ಗ್ರಾಮಿನ ಚೆಂಡು ಬೆರಳಿಗೆ ಅರ್ಧ ಕಿಲೋ ಅನಿಸುವುದು ಹೀಗೆ. ನರ್ತಕಿಗೆ ಇದರ ಅರ್ಥ ಬಹಳ ದೊಡ್ಡದು. ಪೋಯ್‌ಗೆ ವಿಳಂಬಿತ ಕಾಲ ಎಂಬುದಿಲ್ಲ. ಸಂಗೀತ ಎಷ್ಟೇ ನಿಧಾನವಾಗಲಿ, ಚೆಂಡು ನಿಧಾನವಾಗಲಾರದು. ನಿಧಾನವಾಗಬಲ್ಲದ್ದು ಕಾಲು, ಸೊಂಟ, ಕತ್ತು, ಕಣ್ಣು. ಕೈ ದ್ರುತದಲ್ಲಿದ್ದಾಗ ಕಾಲು ವಿಳಂಬಿತದಲ್ಲಿ ನಡೆಯುವುದನ್ನು ಕಲಿತವರ ಪೋಯ್ ನೃತ್ಯವಾಗಿ ಕಾಣತೊಡಗುತ್ತದೆ. ಕಲಿಯದವರದ್ದು, ಮೈಯೆಲ್ಲ ಕೈಯ ಹಿಂದೆ ಓಡುವ ಕಸರತ್ತಾಗಿ ಉಳಿಯುತ್ತದೆ.

ಇನ್ನೊಂದು ಲೆಕ್ಕ ಎಣಿಕೆಯದ್ದು. ಎಲ್ಲರೂ ಮೊದಲಿಗೆ ಕಲಿಯುವ ಪಟ್ಟು ಮೂರೆಣಿಕೆಯ ಹೆಣಿಗೆ, ಥ್ರೀ ಬೀಟ್ ವೀವ್. ಎರಡೂ ಚೆಂಡು ಮೈಯ ಎಡಕ್ಕೂ ಬಲಕ್ಕೂ ಹೆಣೆದುಕೊಂಡು ಹೋಗಿ, ಒಂದೊಂದೂ ಮೂರು ಸುತ್ತು ಮುಗಿಸಿದಾಗ ಮೊದಲಿನ ಜಾಗಕ್ಕೆ ಬರುತ್ತವೆ. ಆದರೆ ಸ್ಪೀಕರಿನಿಂದ ಬರುವ ಹಾಡು ಸಾಮಾನ್ಯವಾಗಿ ನಾಲ್ಕೆಣಿಕೆಯದ್ದು. ಕೈ ಮೂರರಲ್ಲಿ, ಹಾಡು ನಾಲ್ಕರಲ್ಲಿ. ಎರಡೂ ಕೂಡುವುದು ಹನ್ನೆರಡಕ್ಕೊಮ್ಮೆ. ಗೊತ್ತಿಲ್ಲದವರಿಗೆ ಇದು ತಾಳ ತಪ್ಪಿದ ಹಾಗೆ ಕಾಣುತ್ತದೆ. ಗೊತ್ತಿದ್ದವರು ಇದರಿಂದಲೇ ಕುತೂಹಲ ಹುಟ್ಟಿಸುತ್ತಾರೆ. ಕಥಕ್‌ನಲ್ಲಿ ಒಂದು ತುಣುಕನ್ನು ಮೂರು ಸಲ ಹೇಳಿ ಕೊನೆಯ ಪೆಟ್ಟನ್ನು ಸಮದ ಮೇಲೆ ತಂದು ಇಡುವ ತಿಹಾಯಿಯಲ್ಲಿ ಇರುವುದು ಇದೇ ಸುಖ. ಚೆಂಡಿಗೆ ಸದ್ದಿಲ್ಲದಿದ್ದರೆ ಏನಂತೆ, ಆ ಹನ್ನೆರಡನೆಯದಕ್ಕೆ ಹಿಮ್ಮಡಿ ನೆಲಕ್ಕೆ ಬಡಿಯಬಹುದಲ್ಲ.

ಮೂರನೆಯದು ಆಂಟಿಸ್ಪಿನ್. ತೋಳು ದೊಡ್ಡ ಸುತ್ತಿನಲ್ಲಿ ಒಂದು ದಿಕ್ಕಿಗೆ, ಚೆಂಡು ಅದಕ್ಕೆ ವಿರುದ್ಧ ದಿಕ್ಕಿಗೆ. ತೋಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಚೆಂಡು ಎದುರು ದಿಕ್ಕಿನಲ್ಲಿ ಮೂರು ಸುತ್ತು ಬಂದರೆ, ಕತ್ತಲೆಯಲ್ಲಿ ಅದರ ಬೆಳಕಿನ ಜಾಡು ನಾಲ್ಕು ದಳದ ರಂಗೋಲಿಯಾಗುತ್ತದೆ. ಒಂದೊಂದು ದಳದ ತುದಿಯಲ್ಲೂ ಚೆಂಡು ಕ್ಷಣಕಾಲ ಹಿಂಜರಿದಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಕೈಯ ವೇಗವೂ ಚೆಂಡಿನ ವೇಗವೂ ಒಂದನ್ನೊಂದು ಕಳೆಯುತ್ತವೆ. ಆ ಹಿಂಜರಿಕೆಯನ್ನು ಹಿಡಿದು ಅಲ್ಲೇ ದಿಕ್ಕು ಬದಲಿಸುವುದನ್ನು ಸ್ಟಾಲ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಇಡೀ ಕಲೆಯಲ್ಲಿ ನೋಡಬೇಕಾದದ್ದು ಅದೊಂದೇ. ಓಡುವ ಚೆಂಡನ್ನು ಯಾರಾದರೂ ಓಡಿಸಿಯಾರು.

ದೆಹಲಿಯ ಮಟ್ಟಿಗೆ ಈ ಬೀಸಾಟ ಹೊಸದೇನಲ್ಲ. ಗುರು ಗೋವಿಂದ ಸಿಂಗರ ಜಯಂತಿಯ ಹೊತ್ತಿಗೆ ಹೊರಡುವ ನಗರ ಕೀರ್ತನದ ಮೆರವಣಿಗೆಗಳಲ್ಲಿ ಗತ್ಕಾ ಎಂಬ ಸಮರಕಲೆ ಆಡುವ ಸಿಖ್ ಹುಡುಗರ ಕೈಯಲ್ಲಿ ಚಕ್ರಿ ಎಂಬ ಸಾಧನವಿರುತ್ತದೆ. ಮರದ ಒಂದು ಚಕ್ರ, ಅದರ ಅಂಚಿನುದ್ದಕ್ಕೂ ಹಗ್ಗ, ಹಗ್ಗದ ತುದಿಗೆಲ್ಲ ತೂಕದ ಗುಂಡು. ನಡುವೆ ನಿಂತು ತಲೆಯ ಮೇಲೆ ತಿರುಗಿಸಿದರೆ ಸುತ್ತಮುತ್ತ ಒಬ್ಬರೂ ಹತ್ತಿರ ಸುಳಿಯುವಂತಿಲ್ಲ. ಇಕ್ಕಟ್ಟಾದ ಬೀದಿಯಲ್ಲಿ ಜಾಗ ಬಿಡಿಸಿಕೊಳ್ಳಲು ಇದಕ್ಕಿಂತ ಸಭ್ಯವಾದ ಉಪಾಯ ದೆಹಲಿಯಲ್ಲಿ ನಾನು ಕಂಡಿಲ್ಲ. ಕಥಕ್‌ನ ಚಕ್ಕರ್ ಇನ್ನೊಂದು ಬಗೆ. ಅಲ್ಲಿ ಬೀಸುವ ವಸ್ತುವಿಲ್ಲ, ನರ್ತಕಿಯೇ ಬೀಸುತ್ತಾಳೆ, ಗೆಜ್ಜೆಯ ಕೊನೆಯ ಪೆಟ್ಟಿಗೆ ಕಲ್ಲಿನಂತೆ ನಿಲ್ಲುತ್ತಾಳೆ.

ನೃತ್ಯವನ್ನು ಕಟ್ಟುವುದು ಕುಣಿಯುವುದಕ್ಕಿಂತ ಬೇರೆಯದೇ ವಿದ್ಯೆ, ಅದನ್ನು ತರಗತಿಯಲ್ಲಿ ಕಲಿಸಬಹುದು ಎಂಬ ವಿಚಾರಕ್ಕೆ ಈ ಊರಿನಲ್ಲಿ ಶಾಲೆ ತೆರೆದವರು ಬೆಂಗಳೂರಿನ ಹೆಣ್ಣುಮಗಳು. ಮಲ್ಲೇಶ್ವರದಲ್ಲಿ 1928ರಲ್ಲಿ ಹುಟ್ಟಿದ ಮಾಯಾ ರಾವ್ ಕಥಕ್ ಕಲಿತು, ದೆಹಲಿಗೆ ಬಂದು ಭಾರತೀಯ ಕಲಾ ಕೇಂದ್ರದಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಮಾಸ್ಕೋದಲ್ಲಿ ಕೊರಿಯಾಗ್ರಫಿಯನ್ನೇ ಒಂದು ಶಾಸ್ತ್ರವಾಗಿ ಓದಿದರು. ಹಿಂದಿರುಗಿದ ಮೇಲೆ 1964ರಲ್ಲಿ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕೊರಿಯಾಗ್ರಫಿ ಶುರುವಾಯಿತು. ಬೆನ್ನಿಗೆ ನಿಂತದ್ದು ಭಾರತೀಯ ನಾಟ್ಯ ಸಂಘ, ಅದರ ಹಿಂದೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ನಡೆದ ಶಾಲೆ 1987ರಲ್ಲಿ ಬೆಂಗಳೂರಿಗೆ ಬಂತು. 2014ರಲ್ಲಿ ಮಾಯಾ ರಾವ್ ತೀರಿಕೊಂಡಾಗ ಪತ್ರಿಕೆಗಳು 'ಕಥಕ್ ಕಲಾವಿದೆ' ಎಂದು ಬರೆದವು. ಅದು ಸುಳ್ಳಲ್ಲ, ಆದರೆ ಅವರ ದೊಡ್ಡ ಕೆಲಸ ಅದಕ್ಕಿಂತ ಆಚೆಯದ್ದು. ಗುರು ಹೇಳಿಕೊಟ್ಟದ್ದನ್ನು ಒಪ್ಪಿಸುವುದೇ ನೃತ್ಯವೆಂದು ನಂಬಿದ್ದ ಕಾಲದಲ್ಲಿ, ಖಾಲಿ ರಂಗವನ್ನು ತೋರಿಸಿ ಇದನ್ನು ನೀನು ಹೇಗೆ ತುಂಬುತ್ತೀ ಎಂದು ವಿದ್ಯಾರ್ಥಿಯನ್ನೇ ಕೇಳುವ ಶಾಲೆ ಅದು.

ದೆಹಲಿಯಲ್ಲಿ ಇಂಥ ಪ್ರಯತ್ನ ಅದೊಂದೇ ಅಲ್ಲ. ಉದಯಶಂಕರರ ಶಿಷ್ಯ ನರೇಂದ್ರ ಶರ್ಮ 1972ರಲ್ಲಿ ಭೂಮಿಕಾ ಕಟ್ಟಿದರು. 2007ರಲ್ಲಿ ಆರಂಭವಾದ ಗತಿ ಡಾನ್ಸ್ ಫೋರಂ ಯುವ ಸಂಯೋಜಕರಿಗೆ ಬೇಸಿಗೆಯಲ್ಲಿ ಜಾಗ, ಸಮಯ, ಸಲಹೆಗಾರರನ್ನು ಒದಗಿಸಿ ಚಿಕ್ಕ ಸ್ವಂತ ಕೃತಿ ಮಾಡಿಸುವ ಕ್ರಮ ತಂದಿತು. ಪೋಯ್ ಹುಡುಗ ಹುಡುಗಿಯರು ಈ ಬಾಗಿಲುಗಳನ್ನು ಇನ್ನಷ್ಟು ತಟ್ಟಬೇಕಿತ್ತು ಎಂಬುದು ನನ್ನ ತಕರಾರು. ಅವರು ವಿಡಿಯೊದ ಹೊಸ ಪಟ್ಟಿನ ಬೆನ್ನು ಹತ್ತಿದ್ದಾರೆ.

ಹಾಗಾದರೆ ಎರಡು ನಿಮಿಷದ ಕೃತಿ ಕಟ್ಟುವುದು ಹೇಗೆ? ಗೊತ್ತಿರುವ ಪಟ್ಟುಗಳಲ್ಲಿ ಮುಕ್ಕಾಲು ಪಾಲು ಬಿಟ್ಟುಬಿಡುವುದರಿಂದ. ನಾಲ್ಕೋ ಐದೋ ಉಳಿಸಿಕೊಂಡು, ಹಾಡು ಹಾಕದೆ ಮೊದಲು ನಡೆದು ನೋಡುತ್ತಾರೆ. ಎದೆಗೆ ಸಮಾನಾಂತರವಾಗಿ ಮುಂದೆ ಬೀಸುವಾಗ ಕಾಲು ಅಡ್ಡಡ್ಡ ಸರಿಯಬಲ್ಲದು, ಮೈಯ ಪಕ್ಕಗಳಲ್ಲಿ ಬೀಸುವಾಗ ಮುಂದೆ ಹಿಂದೆ ನಡೆಯಬಲ್ಲದು, ತಲೆಯ ಮೇಲೆ ಬೀಸುವಾಗ ಮಾತ್ರ ಎಲ್ಲ ದಿಕ್ಕೂ ತೆರೆದಿರುತ್ತದೆ. ಚೆಂಡಿನ ದಾರಿ ಕಾಲಿನ ದಾರಿಯನ್ನು ಹೀಗೆ ಕಟ್ಟಿಹಾಕುತ್ತದೆ. ಕುಳಿತಾಗ ಚೆಂಡು ನೆಲಕ್ಕೆ ತಾಗುತ್ತದೆ, ಆದ್ದರಿಂದ ಕೂರುವ ಮುನ್ನ ಕೈ ಮೇಲೆತ್ತಲೇಬೇಕು. ಆ ಅನಿವಾರ್ಯವೇ ಒಂದು ಭಂಗಿಯಾಗುತ್ತದೆ. ಒಂದು ಚೆಂಡನ್ನು ಕೈಯಲ್ಲಿ ಹಿಡಿದುಬಿಟ್ಟು ಇನ್ನೊಂದನ್ನಷ್ಟೇ ಬೀಸುವ ಹೊತ್ತಿಗೆ ನೋಡುವವರ ಕಣ್ಣು ತಟ್ಟನೆ ಮುಖದ ಕಡೆಗೆ ಹೋಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಕಷ್ಟ. ಭರತನಾಟ್ಯವೋ ಕಥಕ್ಕೋ ಕಲಿತು ಬಂದವರು ಈ ಜಾಗದಲ್ಲಿ ಗೆಲ್ಲುತ್ತಾರೆ, ಕೈ ಖಾಲಿಯಾದರೂ ಅವರ ಕಣ್ಣಿಗೆ ಕೆಲಸ ಗೊತ್ತು.

ಆರೋಗ್ಯದ ಲಾಭ ಕೇಳುವವರಿಗಾಗಿ ಒಂದು ಮಾತು. ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ಹಿರಿಯರಿಗೆ ಒಂದು ತಿಂಗಳು ಪೋಯ್ ಕಲಿಸಿ, ದೇಹದ ಸಮತೋಲನ, ಮುಷ್ಟಿಯ ಬಲ ಸುಧಾರಿಸಿದ್ದನ್ನು ಕಂಡರು. ಹೋಲಿಕೆಗಾಗಿ ತೈ ಚಿ ಮಾಡಿಸಿದ್ದ ಇನ್ನೊಂದು ಗುಂಪಿಗೂ ಲಾಭವಾಗಿತ್ತೆನ್ನುವುದನ್ನು ಪೋಯ್ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ.

ಬೆಂಕಿಯ ಮಾತು ಬೇರೆ. ಕೆವ್ಲಾರ್ ಬತ್ತಿಯನ್ನು ಸೀಮೆಎಣ್ಣೆಯಂಥ ಇಂಧನದಲ್ಲಿ ಅದ್ದಿ, ಹೆಚ್ಚಾದದ್ದನ್ನು ಕೊಡವಿ ತೆಗೆದು ಹಚ್ಚಿದರೆ ಎರಡು ಮೂರು ನಿಮಿಷ ಉರಿಯುತ್ತದೆ. ಮೈಮೇಲೆ ಹತ್ತಿ ಬಟ್ಟೆಯೇ ಇರಬೇಕು, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕೂದಲು ಕಟ್ಟಿರಬೇಕು. ಒದ್ದೆ ಟವೆಲ್ ಹಿಡಿದು ಕಣ್ಣು ಮಿಟುಕಿಸದೆ ನಿಲ್ಲುವ ಜೊತೆಗಾರ ಇಲ್ಲದೆ ಹಚ್ಚುವುದು ಮೂರ್ಖತನ. ಹಚ್ಚಿದ ಮೇಲೆ ಮೌನ ಪೋಯ್‌ಗೆ ಸದ್ದು ಬರುತ್ತದೆ. ಪ್ರತಿ ಸುತ್ತಿಗೂ ಜ್ವಾಲೆ ಬುಸ್ಸೆನ್ನುತ್ತದೆ. ದೆಹಲಿಯಲ್ಲಿ ಇದಕ್ಕೊಂದು ವಿಚಿತ್ರ ಅಡ್ಡಿಯಿದೆ. 2012ರಲ್ಲಿ ಅಲ್ಲಿನ ಸರ್ಕಾರ ಸೀಮೆಎಣ್ಣೆಮುಕ್ತ ದೆಹಲಿ ಯೋಜನೆ ತಂದು ಬಡ ಮನೆಗಳಿಗೆ ಗ್ಯಾಸ್ ಒಲೆ ಕೊಟ್ಟಿತು, ರೇಷನ್ ಸೀಮೆಎಣ್ಣೆ ನಿಂತಿತು. ಚಳಿಗಾಲದಲ್ಲಿ ಗಾಳಿ ಕೆಟ್ಟು ಉಸಿರಾಡುವುದೇ ಕಷ್ಟವಾದ ಊರಿನಲ್ಲಿ ಹೊಗೆ ಬಿಡುವ ನೃತ್ಯವನ್ನು ಸಮರ್ಥಿಸುವುದೂ ಕಷ್ಟ. ಎಲ್‌ಇಡಿ ಅಲ್ಲಿ ಗೆದ್ದದ್ದು ಚಂದಕ್ಕಾಗಿಯಷ್ಟೇ ಅಲ್ಲ.

ತಾರಸಿ ಬಿಟ್ಟು ಬೀದಿಗಿಳಿದರೆ ಕಥೆ ಬೇರೆ. ಗುರುಗ್ರಾಮದಲ್ಲಿ 2013ರ ನವೆಂಬರಿನಿಂದ ಭಾನುವಾರ ಬೆಳಗ್ಗೆ ಕೆಲವು ರಸ್ತೆಗಳಲ್ಲಿ ಕಾರು ನಿಲ್ಲಿಸಿ ಜನರಿಗೆ ಬಿಟ್ಟುಕೊಡುವ ರಾಹ್‌ಗಿರಿ ಶುರುವಾಯಿತು, ಮರುವರ್ಷ ಕನಾಟ್ ಪ್ಲೇಸಿಗೂ ಬಂತು. ಡಾಂಬರಿನ ಮೇಲೆ ಯೋಗ, ಜುಂಬಾ, ಸೈಕಲ್, ಕುಣಿತ. ರಸ್ತೆಯಲ್ಲಿ ಕುಣಿಯುವುದು ಆರೋಗ್ಯಕರ ನಾಗರಿಕತೆ ಎಂದು ಎಲ್ಲರೂ ಹೊಗಳಿದರು. ಅದೇ ಹೊತ್ತಿಗೆ ಅದೇ ದೆಹಲಿಯಲ್ಲಿ 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯ್ದೆ ಜಾರಿಯಲ್ಲಿತ್ತು. ಸಾರ್ವಜನಿಕ ಜಾಗದಲ್ಲಿ ಹಾಡಿ, ಕುಣಿದು, ಆಟ ತೋರಿಸಿ ಕಾಸು ಪಡೆಯುವುದನ್ನೂ ಅದು ಭಿಕ್ಷೆಯ ವ್ಯಾಖ್ಯೆಯಲ್ಲಿ ಸೇರಿಸಿತ್ತು. ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಮೊದಲ ಸಲ ಸಾಬೀತಾದರೆ ಒಂದರಿಂದ ಮೂರು ವರ್ಷ ನಿರಾಶ್ರಿತರ ಮನೆಯ ವಾಸ. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್ ಭಿಕ್ಷೆಯನ್ನು ಅಪರಾಧವೆನ್ನುವ ಕಲಮುಗಳನ್ನು ಸಂವಿಧಾನ ವಿರೋಧಿ ಎಂದು ತಳ್ಳಿಹಾಕಿತು.

ಆ ಕಾಯ್ದೆಯ ನೆರಳಲ್ಲಿ ಬದುಕಿದವರು ಶಾದಿಪುರ ಡಿಪೊ ಪಕ್ಕದ ಕಠ್‌ಪುತಲಿ ಕಾಲೊನಿಯ ಜನ. ರಾಜಸ್ಥಾನದಿಂದ ಬಂದ ಬೊಂಬೆಯಾಟದವರ ಜೊತೆಗೆ ಜಾದೂಗಾರರು, ದೊಂಬರು, ಬೆಂಕಿ ಉಗುಳುವವರು, ಡೋಲಿನವರು ದಶಕಗಟ್ಟಲೆ ಅಲ್ಲಿ ಬೇರೂರಿದ್ದರು. ಭಾರತ ಉತ್ಸವಗಳಿಗೆ ಸರ್ಕಾರವೇ ಅವರಲ್ಲಿ ಹಲವರನ್ನು ವಿದೇಶಕ್ಕೆ ಕಳಿಸಿದ್ದೂ ಉಂಟು, ಊರಿಗೆ ಮರಳಿದರೆ ಬೀದಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಬೇಕಾದದ್ದೂ ಉಂಟು. ಬಹುಮಹಡಿ ಕಟ್ಟುವ ಯೋಜನೆಗಾಗಿ 2017ರ ಅಕ್ಟೋಬರ್ ಕೊನೆಯಲ್ಲಿ ಕಾಲೊನಿಯನ್ನು ಕೆಡವಿದರು; ಅನೇಕ ಕುಟುಂಬಗಳು ಆನಂದ್ ಪರ್ಬತ್‌ನ ತಾತ್ಕಾಲಿಕ ಶಿಬಿರ ಸೇರಿದವು. ತಾರಸಿಯ ಮೇಲೆ ಪೋಯ್ ಬೀಸುವ ಟೆಕ್ಕಿಯದ್ದು ಸ್ವಂತ ಅಭಿವ್ಯಕ್ತಿ, ಸಿಗ್ನಲ್ಲಿನಲ್ಲಿ ಚೆಂಡು ತೂರಿ ಹಿಡಿಯುವ ಹುಡುಗಿಯದ್ದು ಹೊಟ್ಟೆಪಾಡು ಎಂದು ವಿಂಗಡಿಸಿ ನೋಡುವುದು ನಮಗೆ ಎಷ್ಟು ಸಲೀಸಾಗಿದೆ! ಕೆಂಪು ದೀಪದ ಅರವತ್ತೋ ತೊಂಬತ್ತೋ ಸೆಕೆಂಡಿನೊಳಗೆ ಆರಂಭ, ಏರು, ಕೊನೆಯ ಚಮತ್ಕಾರ, ಕಾಸು ಕೇಳುವ ಸಮಯ ಎಲ್ಲವನ್ನೂ ಹೊಂದಿಸುವ ಆ ಹುಡುಗಿಗೆ ಸಂಯೋಜನೆ ಗೊತ್ತಿಲ್ಲ ಎಂದು ನಾನಂತೂ ಹೇಳಲಾರೆ.

ಇವನ್ನೆಲ್ಲ ಕಣ್ಣಾರೆ ನೋಡುವ ಆಸೆಯಿದ್ದರೆ ದೆಹಲಿಯ ಸುತ್ತ ಫೆಬ್ರವರಿ ಒಳ್ಳೆಯ ತಿಂಗಳು. ಫರೀದಾಬಾದಿನ ಸೂರಜ್‌ಕುಂಡ ಮೇಳ 1987ರಿಂದ ನಡೆದುಬಂದಿದೆ, ಬೀದಿ ಕಲಾವಿದರು ಅಲ್ಲಿ ಟಿಕೆಟ್ಟಿನ ಗೇಟಿನೊಳಗೆ ಗೌರವದಿಂದ ಆಡುತ್ತಾರೆ. ಕಂಸಾಳೆಗೆ ಶಿವರಾತ್ರಿಗೋ ದೀಪಾವಳಿಗೋ ಮಹದೇಶ್ವರ ಬೆಟ್ಟ ಹತ್ತಿ. ಇನ್ನು ಕಾಲುಚೀಲ ಹುಡುಕಲು ಈಗಾಗಲೇ ಎದ್ದವರಿದ್ದರೆ, ಎಡಗೈಯಿಂದ ಶುರು ಮಾಡಿ. ಬಲಗೈ ಹೇಗೂ ತಾನಾಗಿ ಕಲಿಯುತ್ತದೆ.